ಬಾಗಿಲ ಹಿಂದಿನ ನಾಸ್ತಿಕ

ನಮ್ಮ ಚರ್ಚಿನ ಸಭಾಂಗಣದ ನಟ್ಟನಡುವೆ ಒಂದು ಬಾಗಿಲು ನಿಂತಿತ್ತು. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಸಾಮಾನಿನ ಕೋಣೆ ರಿಪೇರಿಯಾದಾಗ ಕಳಚಿ ಮೂಲೆಗೆ ಒರಗಿಸಿದ್ದನ್ನು ಹೊಸ ಗುರುಗಳು ಹೊರಗೆ ತೆಗೆಸಿ, ಬಡಗಿಯ ಕೈಲಿ ಚೌಕಟ್ಟಿನ ಬುಡಕ್ಕೆ ಮರದ ಪಾದ ಹೊಡೆಸಿ ನಿಲ್ಲಿಸಿದ್ದರು. ಬಾಗಿಲಿನ ಈಚೆ ನಿಂತವರು ಸುವಾರ್ತೆ ಸಾರುವವರು. ಆಚೆ ಕುರ್ಚಿ ಹಾಕಿಕೊಂಡು ಕೂತವರು ದೇವರನ್ನು ಬಿಟ್ಟವರು. ಪಕ್ಕದಲ್ಲಿ ಟೀ ಹಿಡಿದು ನಿಂತ ನನಗೆ ಮಾತ್ರ ಎರಡೂ ಕಡೆಯವರು ಒಂದೇ ಫ್ಯಾನಿನ ಗಾಳಿಗೆ ಬೆವರು ಆರಿಸಿಕೊಳ್ಳುತ್ತಿರುವುದು ಕಾಣುತ್ತಿತ್ತು.

ಅದಕ್ಕೂ ಮೊದಲು ನಮ್ಮ ಧರ್ಮಕೇಂದ್ರದ ಸುವಾರ್ತಾ ಪ್ರಸಾರವೆಂದರೆ ಚರ್ಚಿನ ಬಾಗಿಲಲ್ಲಿದ್ದ ಒಂದು ಕಪಾಟು. ಅದರಲ್ಲಿ ಕರಪತ್ರಗಳಿದ್ದವು. ಅವನ್ನು ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ ಸದಾ ಹೊಸದಾಗಿಯೇ ಇರುತ್ತಿದ್ದವು. ಹೊಸ ಗುರುಗಳು ಬಂದ ಕೆಲವೇ ದಿನಕ್ಕೆ ಪೂಜೆಯ ನಡುವಿನ ಪ್ರಸಂಗದಲ್ಲಿ ಹೇಳಿದರು: "ಜನ ತಾವಾಗೇ ಬರಲಿ ಅಂತ ಕೂತರೆ ಆಗೋದಿಲ್ಲ. ನಾವು ಹೋಗಬೇಕು. ಇಬ್ಬಿಬ್ಬರು ಜೊತೆಯಾಗಿ ಹೋಗಿ ಬಾಗಿಲು ತಟ್ಟಬೇಕು. ಚರ್ಚು ಬಿಟ್ಟು ದೂರವಾದವರನ್ನು ಪ್ರೀತಿಯಿಂದ ಕರೀಬೇಕು."

ಎಲ್ಲರೂ ಆಮೆನ್ ಅಂದರು. ಹೊರಗೆ ಬಂದ ಮೇಲೆ ಎಲ್ಲರಿಗೂ ಮಂಡಿನೋವು ಶುರುವಾಯಿತು.

ಗುರುಗಳು ಬುದ್ಧಿವಂತರು. ಒಮ್ಮೆಲೇ ಬೀದಿಗೆ ನೂಕಲಿಲ್ಲ. ಮೊದಲು ತರಬೇತಿ ಅಂದರು. ತರಬೇತಿ ಅಂದ ಕೂಡಲೇ ಜನರ ಮುಖಕ್ಕೆ ಕಳೆ ಬಂತು. ತರಬೇತಿಗಾದರೆ ಎಷ್ಟು ಬೇಕಾದರೂ ಬರಬಹುದು, ಅಲ್ಲಿ ಟೀ ಕೊಡುತ್ತಾರೆ. ಜೋಡಿಗಳಾದವು. ನನಗೆ ಜೋಡಿ ಸಿಗದೆ ಉಳಿದದ್ದರಿಂದ ನನ್ನನ್ನು ಸಾಕಿದ ಅತ್ತೆಯ ಜೊತೆ ಟೀ ವಿಭಾಗಕ್ಕೆ ಸೇರಿದೆ. ತೊಡಕು ಬಂದದ್ದು ಬಾಗಿಲಿನ ಆಚೆಯ ಕುರ್ಚಿಗೆ. ಅಲ್ಲಿ ಕೂತು ದೇವರು ಬೇಡ ಅನ್ನುವವರು ಯಾರು?

"ಸುಳ್ಳಿಗಾದರೂ ನನ್ನ ಬಾಯಲ್ಲಿ ಅಂಥ ಮಾತು ಬರೋದಿಲ್ಲಪ್ಪ," ಅಂದರು ಟೀಚರಮ್ಮ. ಇವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಮ್ಮಲ್ಲಿ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಪೂರ್ತಿ ಜನಕ್ಕೆ ಜಪ ಕಲಿಸಿದವರು. ಅವರೇ ಹಾಗಂದ ಮೇಲೆ ಉಳಿದವರೂ ಕೆನ್ನೆ ಕೆನ್ನೆ ಬಡಿದುಕೊಂಡರು.

ಕಡೆಗೆ ಸಿಕ್ಕಿಬಿದ್ದವನು ನನ್ನ ಸೋದರಮಾವ.

ಮಾವ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾನೆ. ಆ ಕಾರಿನಲ್ಲಿ ಅವನು ಕೂರುವ ಕಡೆಯೂ ಒಂದು ಬ್ರೇಕು ಇದೆ. ಕಲಿಯುವವರು ಹಳ್ಳಕ್ಕೋ ಲಾರಿಗೋ ಹೊರಟಾಗ ಮಾವ ಅದನ್ನು ಒತ್ತುತ್ತಾನೆ. ವರ್ಷಗಟ್ಟಲೆ ಒತ್ತಿ ಒತ್ತಿ ಅವನ ಕಾಲಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ಪ್ರಸಂಗ ದಾರಿ ತಪ್ಪಿದರೆ ಬೆಂಚಿನ ಕೆಳಗೆ ಅವನ ಪಾದ ನೆಲ ಒತ್ತುವುದನ್ನು ನಾನೇ ಕಂಡಿದ್ದೇನೆ. ಚರ್ಚಿನಲ್ಲಿ ಎಲ್ಲರೂ ಅವನನ್ನು ಬ್ರೇಕಣ್ಣ ಅನ್ನುತ್ತಾರೆ. ಒಂದು ಭಾನುವಾರವೂ ಬಲಿಪೂಜೆ ತಪ್ಪಿಸಿದವನಲ್ಲ. ಗಾಯನ ಮಂಡಳಿಯಲ್ಲಿ ಅವನದು ತಳದ ದನಿ. ಅದು ಇದ್ದಾಗ ಗೊತ್ತಾಗುವುದಿಲ್ಲ, ಇಲ್ಲದಾಗ ಹಾಡು ಕುಂಟುತ್ತದೆ.

ಅವನು ಒಪ್ಪಿದ್ದಕ್ಕೆ ಕಾರಣ ನನ್ನ ಅಕ್ಕನ ಮಗು.

ಅಪ್ಪ ಅಮ್ಮ ಇಲ್ಲದ ನಮ್ಮಿಬ್ಬರನ್ನು ಸಾಕಿದವರು ಅಜ್ಜಿ, ಮಾವ, ಅತ್ತೆ. ಮಾವ ಅತ್ತೆಗೆ ಮಕ್ಕಳಿಲ್ಲ. ಅಕ್ಕ ಮದುವೆಯಾಗಿ ಬಸ್ ಡಿಪೋ ಹಿಂದಿನ ಫ್ಲ್ಯಾಟಿಗೆ ಹೋದ ಮೇಲೆ ಚರ್ಚಿಗೆ ಬರುವುದು ನಿಲ್ಲಿಸಿದಳು. ಭಾವನಿಗೆ ಭಾನುವಾರ ಬೆಳಗಿನ ನಿದ್ದೆಯೊಂದರ ಮೇಲೆ ಗಾಢವಾದ ನಂಬಿಕೆ. ಅಕ್ಕನೂ ಆ ನಂಬಿಕೆಗೆ ಸೇರಿಕೊಂಡಳು. ಅವಳು ಬರುತ್ತಿಲ್ಲ ಅನ್ನುವುದನ್ನು ಧರ್ಮಕೇಂದ್ರದಲ್ಲಿ ಯಾರೂ ಗಮನಿಸಲಿಲ್ಲ. ಮಾವ ಗಮನಿಸಿದ, ಆದರೆ ಬಾ ಎಂದು ಒಂದು ದಿನವೂ ಕರೆಯಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದ, ಮಗುವನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತು ಕೆಳಗೆ ಹೋಗುವ ಬಸ್ಸುಗಳ ತಪ್ಪುಗಳನ್ನು ಅದಕ್ಕೆ ವಿವರಿಸುತ್ತಿದ್ದ, ಬರುತ್ತಿದ್ದ. ಹೀಗಿರುವಾಗ ಒಂದು ದಿನ ಕಾರಿನಲ್ಲಿ ಹೋಗುತ್ತ ಅಕ್ಕ ತಾನಾಗಿ ಹೇಳಿದಳಂತೆ:

"ಮಾವ, ಮಗೂಗೆ ದೀಕ್ಷಾಸ್ನಾನ ಮಾಡಿಸೋಣ ಅಂತಿದ್ದೀನಿ. ಆದರೆ ಅದನ್ನ ಎತ್ತಿ ಹಿಡಿಯೋ ಜ್ಞಾನತಂದೆ ನೀನೇ ಆಗಬೇಕು. ನೀನಾದರೆ ಸರಿ. ಇಲ್ಲಾಂದ್ರೆ ಆ ಮಾತೇ ಬೇಡ."

ಊರಿಗೆಲ್ಲ ಗಾಡಿ ಕಲಿಸಿದ ಮಾವ ಅವತ್ತು ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬೀಳಿಸಿಕೊಂಡ. ಹಿಂದಿನವರು ಹಾರನ್ ಹೊಡೆದು ಬಯ್ದರೂ ನಗುತ್ತಲೇ ಇದ್ದನಂತೆ.

ಈ ವಿಷಯ ತಿಳಿಸಲು ಗುರುಗಳ ಹತ್ತಿರ ಹೋದಾಗಲೇ ಅವರು ಕೈ ಹಿಡಿದುಕೊಂಡರು. "ಬಹಳ ಸಂತೋಷ ಬ್ರೇಕಣ್ಣ. ಮಗುವಿನ ಜ್ಞಾನತಂದೆ ಆಗೋರು ನೀವು. ಧರ್ಮಕೇಂದ್ರಕ್ಕೆ ಇಷ್ಟು ಮಾಡಬಾರದಾ? ಸುಮ್ಮನೆ ಕೂತು ಬೇಡ ಬೇಡ ಅಂದರಾಯ್ತು."

ಸುಮ್ಮನೆ ಕೂತು ಮಾಡುವುದು ಮಾವನಿಗೆ ಬರುವುದಿಲ್ಲ ಎಂದು ಗುರುಗಳಿಗೆ ಗೊತ್ತಿರಲಿಲ್ಲ. ಸ್ಟೀರಿಂಗ್ ಹಿಡಿದು ಹೆದರಿದ ಜನ ಏನು ಬೇಕಾದರೂ ಬಾಯಿಬಿಡುತ್ತಾರೆ; ಚರ್ಚು ಯಾಕೆ ಬಿಟ್ಟೆ, ದೇವರ ಮೇಲೆ ಯಾಕೆ ಮುನಿಸು, ಎಲ್ಲ. ಮಾವ ಅವನ್ನೆಲ್ಲ ಕೇಳಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತ.

ಮೊದಲ ಜೋಡಿ ಟೀಚರಮ್ಮ ಮತ್ತು ಔಷಧಿ ಅಂಗಡಿಯಣ್ಣ. ಬಾಗಿಲು ತಟ್ಟಿದರು. ಮಾವ ತೆಗೆದ.

"ದೇವರು ನಿಮ್ಮನ್ನು ಬಹಳ ಪ್ರೀತಿಸ್ತಾನೆ," ಅಂದರು ಟೀಚರಮ್ಮ, ಪಾಠ ಒಪ್ಪಿಸುವ ದನಿಯಲ್ಲಿ.

"ಇರಬಹುದು. ನೀವು?"

"ಅಂದರೆ?"

"ಅಲ್ಲ, ದೇವರು ಪ್ರೀತಿಸ್ತಾನೆ ಅಂದ್ರಿ. ನೀವು ಇದೇ ಬೀದಿಯೋರು. ಹೋದ ವರ್ಷ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಆಗ ಯಾರೂ ಈ ಬಾಗಿಲು ತಟ್ಟಲಿಲ್ಲವಲ್ಲ?"

"ನಾನ್ಯಾವಾಗ ಆಸ್ಪತ್ರೇಲಿ ಮಲಗಿದ್ದೆ ರೀ?" ಎಂದು ಅತ್ತೆ ಟೀ ಸೋಸುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ನೀನಲ್ಲ ಕಣೇ, ಈ ಮನೆಯೋನ ಹೆಂಡತಿ!"

"ಈ ಮನೆಯೋನಿಗೆ ಇನ್ನೊಬ್ಬಳು ಬೇರೆ ಇದ್ದಾಳಾ?"

ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ. ಔಷಧಿ ಅಂಗಡಿಯಣ್ಣನ ಕಡೆ ನೋಡಿದರು. ಅವರು ಗಿರಾಕಿ ಕೇಳಿದ ಮಾತ್ರೆ ಸ್ಟಾಕಿಲ್ಲದಾಗ ಮಾಡುವ ಮುಖ ಮಾಡಿದರು. "ನಾಳೆ ಬನ್ನಿ" ಅನ್ನುವುದೊಂದು ಬಾಕಿ.

ಮುಂದಿನ ಜೋಡಿಯೂ ಹಾಗೆಯೇ ಹಿಂತಿರುಗಿತು, ಅದರ ಮುಂದಿನದೂ. ಅಜ್ಜಿಯ ಕಥೆಗಳಲ್ಲಿ ಕೋಟೆಬಾಗಿಲಲ್ಲಿ ರಾಕ್ಷಸ ಕೂತಿರುತ್ತಿದ್ದ. ಅವನ ಪ್ರಶ್ನೆಗೆ ಉತ್ತರ ಹೇಳಲಾರದ ರಾಜಕುಮಾರರೆಲ್ಲ ಕಲ್ಲಾಗಿ ಸಾಲಾಗಿ ನಿಂತಿರುತ್ತಿದ್ದರು. ನಮ್ಮಲ್ಲಿ ಕಲ್ಲಾಗುವ ಬದಲು ಸಾಲಾಗಿ ಟೀಗೆ ಬಂದು ನಿಲ್ಲುತ್ತಿದ್ದರು. ಅಷ್ಟೇ ವ್ಯತ್ಯಾಸ.

ಗುರುಗಳಿಗೆ ಇದರಿಂದ ಹುರುಪು ಬಂತು. ಬ್ರೇಕಣ್ಣನನ್ನು ಒಲಿಸಿದ ಜೋಡಿಗೆ ಮಾತ್ರ ಬೀದಿಗೆ ಹೋಗಲು ಅಪ್ಪಣೆ ಎಂದು ನಿಯಮ ಮಾಡಿದರು. ಇದು ಎಲ್ಲರಿಗೂ ಹಿಡಿಸಿತು. ಮಾವನನ್ನು ಒಲಿಸಲಾಗದು, ಆದ್ದರಿಂದ ಬೀದಿಗೆ ಹೋಗಬೇಕಿಲ್ಲ. ಬೀದಿಗೆ ಹೋಗದಿದ್ದರೂ ಸುವಾರ್ತಾ ಪ್ರಸಾರ ಭರದಿಂದ ನಡೆದಿದೆ. ಬೇರೆ ಧರ್ಮಕೇಂದ್ರಗಳವರು ಬಂದು ಬಾಗಿಲನ್ನು ನೋಡಿ ಹೋದರು. ಒಬ್ಬರು ಅದರ ಅಳತೆಯನ್ನೂ ತೆಗೆದುಕೊಂಡರು.

"ಸ್ವಲ್ಪ ಬಿಟ್ಟುಕೊಡಬಾರದೇನ್ರೀ?" ಎಂದು ಅತ್ತೆ ಮನೆಯಲ್ಲಿ ಕೇಳಿದಳು. "ಆ ಟೀಚರಮ್ಮ ನಿಮ್ಮನ್ನು ನೋಡೋ ನೋಟ ನೋಡಿದರೆ ನನಗೆ ಎದೆ ಝಲ್ ಅನ್ನುತ್ತೆ."

"ಹೇಗೆ ಬಿಡಲಿ? ಗೇರು ಹಾಕೋಕೆ ಬರದವನಿಗೆ ಆಯ್ತು ಹೋಗು ಅಂತ ಲೈಸೆನ್ಸ್ ಕೊಡಿಸಿದರೆ ನಾಳೆ ಯಾರಿಗೋ ಗುದ್ದುತ್ತಾನೆ. ಇವರೂ ಅಷ್ಟೇ. ನಿಜವಾಗಿ ನೊಂದುಕೊಂಡ ಮನೆಗೆ ಹೋಗಿ ಇದೇ ಗಿಳಿಪಾಠ ಒಪ್ಪಿಸಿದರೆ ಆ ಮನೆಯೋರು ಮತ್ತೆ ಈ ಕಡೆ ತಲೆ ಹಾಕ್ತಾರಾ?"

"ನಿಮಗೆ ನಾಸ್ತಿಕರಾಗಿ ಕೂತರೂ ಪಾದ್ರಿಗಿಂತ ಹೆಚ್ಚು ಭಕ್ತಿ. ಊಟ ಮಾಡಿ ಮಲಗಿ."

ಅತ್ತೆಯ ಎದೆ ಸುಳ್ಳು ಹೇಳಿರಲಿಲ್ಲ. ಮಾತು ಹಬ್ಬತೊಡಗಿತ್ತು. ಒಳಗಿಲ್ಲದೇ ಬಾಯಿಗೆ ಬರುತ್ತದಾ? ಅಷ್ಟು ಸಲೀಸಾಗಿ? ಅದೂ ವಾರ ವಾರವೂ ಹೊಸದು? ಭಾನುವಾರ ಮಾವ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತರೆ ಹಿಂದಿನವರು ಒಂದು ಹೆಜ್ಜೆ ಜಾಗ ಬಿಟ್ಟು ನಿಲ್ಲತೊಡಗಿದರು. ಗಾಯನ ಮಂಡಳಿಯಲ್ಲಿ ಒಬ್ಬಾಕೆ, "ನೀವು ಹಾಡುವಾಗ ನನಗೆ ಯಾಕೋ ಒಂಥರಾ ಆಗುತ್ತೆ ಬ್ರೇಕಣ್ಣ, ತಪ್ಪು ತಿಳೀಬೇಡಿ," ಅಂದಳು. ಮಾವ ತಪ್ಪು ತಿಳಿಯಲಿಲ್ಲ. ದನಿ ತಗ್ಗಿಸಿದ. ಹಾಡು ಕುಂಟಿತು.

ಕಡೆಗೆ ಟೀಚರಮ್ಮ ಗುರುಗಳ ಕೋಣೆಗೇ ಹೋದರು. ನಾನು ಟೀ ಕೊಡಲು ಹೋದವಳು ಟ್ರೇ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ನಾನು ಅವರ ಮೇಲೆ ಚಾಡಿ ಹೇಳ್ತಿಲ್ಲ ಫಾದರ್. ಆದರೆ ಜ್ಞಾನತಂದೆ ಅಂದರೆ ಮಗುವಿನ ವಿಶ್ವಾಸಕ್ಕೆ ಹೊಣೆ. ಜನ ಏನಂದುಕೊಳ್ತಾರೆ?"

"ಅದು ನಾವೇ ಕೊಟ್ಟ ಪಾತ್ರ ಅಲ್ವಾ ಮೇಡಂ?"

"ಪಾತ್ರ ನಾವು ಕೊಟ್ಟದ್ದು. ಮಾತು ಎಲ್ಲಿಂದ ಬಂತು?"

ಗುರುಗಳು ಒಳ್ಳೆಯವರು. ಒಳ್ಳೆಯವರಾದ್ದರಿಂದ ಯಾರಿಗೂ ಇಲ್ಲ ಅನ್ನಲಾರರು. ಸಂಜೆ ಮಾವನನ್ನು ಕರೆಸಿ ಉಪಾಯ ಹೇಳಿದರು. ಧರ್ಮಾಧ್ಯಕ್ಷರ ಕಡೆಯಿಂದ ಹಿರಿಯ ಗುರುವೊಬ್ಬರು ಬರುವವರಿದ್ದರು, ಜೋಡಿಗಳ ಕೊರಳಿಗೆ ಮರದ ಶಿಲುಬೆ ಹಾಕಿ ಬೀದಿಗೆ ಕಳಿಸಿಕೊಡಲು. ಅವತ್ತು ಅವರೆದುರು ಒಂದು ಪ್ರದರ್ಶನ. ಟೀಚರಮ್ಮ ತಟ್ಟುತ್ತಾರೆ, ಮಾವ ಒಲಿಯುತ್ತಾನೆ. ಎಲ್ಲರೂ ಕಣ್ಣಾರೆ ನೋಡುತ್ತಾರೆ. ಬಾಯಿಗಳು ಮುಚ್ಚುತ್ತವೆ. ಮುಂದಿನ ಭಾನುವಾರ ದೀಕ್ಷಾಸ್ನಾನ, ಜ್ಞಾನತಂದೆ ಮಾವನೇ.

"ಒಲಿಯದಿದ್ದರೆ?" ಕೇಳಿದ ಮಾವ.

"ಒಲೀರಿ ಬ್ರೇಕಣ್ಣ," ಅಂದರು ಗುರುಗಳು, ಕೈಮುಗಿಯುವಷ್ಟು ದೀನವಾಗಿ.

ಅಕ್ಕನಿಗೆ ನಾನೇ ಸುದ್ದಿ ಮುಟ್ಟಿಸಿದೆ. ಅವಳು ಮಗುವಿನ ಅಂಗಿ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಮಾವನಿಗೆ ಪರೀಕ್ಷೆಯಾ? ನಮ್ಮ ಮಾವನಿಗೆ? ನೋಡು, ನಾನು ಮತ್ತೆ ಚರ್ಚಿನ ಕಡೆ ತಿರುಗಿದ್ದೇ ಅವನ ಮುಖ ನೋಡಿ. ಅವನನ್ನೇ ನಿಲ್ಲಿಸಿದರೆ ನಾನು ಅಲ್ಲಿಗೆ ಬರೋದು ಯಾರನ್ನ ನೋಡೋಕೆ?"

ಮಾವನಿಗೆ ಅದನ್ನೂ ಹೇಳಿದೆ. ಅವನು ತಲೆದೂಗಿದ. "ಸರಿ ಬಿಡು. ಒಲೀತೀನಿ. ಮಗುವಿಗಿಂತ ಹೆಚ್ಚಾ ನನ್ನ ಬ್ರೇಕು?"

ಆ ದಿನ ಸಭಾಂಗಣ ತುಂಬಿತ್ತು. ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು, ಇನ್ನೂ ಸ್ವಲ್ಪ ಅಂಟುತ್ತಿತ್ತು. ಅಕ್ಕ ಮಗುವನ್ನೆತ್ತಿಕೊಂಡು ಬಂದು ಕಡೆಯ ಸಾಲಿನಲ್ಲಿ ಕೂತಳು. ಹಿರಿಯ ಗುರುಗಳು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಶಿಲುಬೆಗಳ ಪೆಟ್ಟಿಗೆ.

ಟೀಚರಮ್ಮ ತಟ್ಟಿದರು. ಬೆರಳಿಗೆ ಬಣ್ಣ ಹತ್ತಿತು. ಮಾವ ಬಾಗಿಲು ಪೂರ್ತಿ ತೆರೆದು, ಅವರು ಬಾಯಿ ತೆರೆಯುವ ಮೊದಲೇ, "ಬನ್ನಿ ಬನ್ನಿ, ಒಳಗೆ ಬನ್ನಿ," ಅಂದ.

ಅವರೂ ಜೊತೆಗಿದ್ದ ಔಷಧಿ ಅಂಗಡಿಯಣ್ಣನೂ ಹೊಸ್ತಿಲಲ್ಲೇ ನಿಂತರು. ಇಷ್ಟು ದಿನದಲ್ಲಿ ಯಾರೂ ಒಳಗೆ ಹೋಗಿರಲಿಲ್ಲ. ಒಳಗೆ ಒಂದೇ ಕುರ್ಚಿ ಇತ್ತು.

"ದೇವರು ನಿಮ್ಮನ್ನು ಬಹಳ ಪ್ರೀತಿಸ್ತಾನೆ," ಅಂದರು ಟೀಚರಮ್ಮ.

"ಹೌದು. ನನಗೂ ಹಾಗೇ ಅನ್ನಿಸುತ್ತೆ."

ಔಷಧಿ ಅಂಗಡಿಯಣ್ಣ ಕೆಮ್ಮಿದರು. "ನಿಮಗೆ ಚರ್ಚಿನ ಮೇಲೆ ಬೇಸರ ಇದ್ದರೆ..."

"ಇತ್ತು. ಈಗ ಹೋಯ್ತು. ನೀವು ಬಂದ್ರಲ್ಲ. ನಾನು ಬರ್ತೀನಿ."

"ಬರ್ತೀರಾ?" ಟೀಚರಮ್ಮನ ದನಿಯಲ್ಲಿ ಗಾಬರಿ ಕೇಳಿಸಿತು. ಅವರು ಸಿದ್ಧರಾಗಿ ಬಂದದ್ದು ಮಾವನ ಬೇಡಗಳಿಗೆ. ವಾರ ವಾರ ಮನೆಯಲ್ಲಿ ಕೂತು ಒಂದೊಂದು ಬೇಡಕ್ಕೂ ಒಂದೊಂದು ಉತ್ತರ ಬಾಯಿಪಾಠ ಮಾಡಿದ್ದರು. ಹೂಂ ಅಂದರೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. "ಅವಸರ ಏನಿಲ್ಲ. ನೀವು ನಿಧಾನವಾಗಿ ಯೋಚನೆ ಮಾಡಿ..."

"ಯೋಚನೆ ಆಯ್ತು ಮೇಡಂ. ಈ ಭಾನುವಾರವೇ ಬರ್ತೀನಿ. ಎಲ್ಲಿ ಕೂತ್ಕೊಳ್ಳಲಿ?"

ಮಾವ ಇದನ್ನು ಬೇಕೆಂದು ಕೇಳಲಿಲ್ಲ ಎಂದು ಈಗಲೂ ಆಣೆ ಮಾಡುತ್ತಾನೆ. ಹೊಸದಾಗಿ ಬರುವವನು ಕೇಳುವ ಮೊದಲ ಮಾತೇ ಅದು, ಅದಕ್ಕೇ ಕೇಳಿದೆ ಅನ್ನುತ್ತಾನೆ. ಆದರೆ ನಿಂತಲ್ಲೇ ಅವನ ಪಾದ ನೆಲವನ್ನು ಒತ್ತಿದ್ದು ನನಗೆ ಕಂಡಿತ್ತು.

"ಎಲ್ಲಾದರೂ ಕೂರಬಹುದು."

"ನಿಮ್ಮ ಪಕ್ಕದಲ್ಲಿ?"

"ನಮ್ಮ ಬೆಂಚು... ಅಲ್ಲಿ ನಮ್ಮ ಮನೆಯೋರೆಲ್ಲ ಇರ್ತಾರೆ. ತುಂಬಿರುತ್ತೆ. ಹಿಂದೆ ಬೇಕಾದಷ್ಟು ಜಾಗ ಇದೆ," ಅಂದುಬಿಟ್ಟರು ಟೀಚರಮ್ಮ.

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ. ಹಿರಿಯ ಗುರುಗಳೂ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು. ಟೀಚರಮ್ಮನ ಮುಖ ಕೆಂಪಾಯಿತು. ಅವರು ತಿರುಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಿದ್ರಲ್ಲ ಫಾದರ್? ಹೌದು ಅನ್ನೋದರಲ್ಲೂ ಗೇಲಿ. ಇಂಥವರ ಕೈಗೆ ಒಂದು ಮಗುವಿನ ವಿಶ್ವಾಸ ಕೊಡ್ತೀರಾ?"

ನಗು ನಿಂತಿತು. ಗುರುಗಳು ಮಾವನನ್ನು ನೋಡಿದರು, ಹಿರಿಯ ಗುರುಗಳನ್ನು ನೋಡಿದರು, ನೆಲ ನೋಡಿದರು. "ಸದ್ಯಕ್ಕೆ... ಸ್ವಲ್ಪ ದಿನ ಮುಂದಕ್ಕೆ ಹಾಕೋಣ. ವಾತಾವರಣ ತಣ್ಣಗಾಗಲಿ."

ಕಡೆಯ ಸಾಲಿನಲ್ಲಿ ಅಕ್ಕ ಎದ್ದಳು. ಮಗುವಿನ ಟೋಪಿ ಸರಿಮಾಡಿ, ಮಾವನ ಕಡೆ ಒಮ್ಮೆ ನೋಡಿ, ನಿಜವಾದ ಬಾಗಿಲಿನಿಂದ ಹೊರಗೆ ಹೋದಳು. ಮಾವ ಬಣ್ಣ ಹತ್ತಿದ ಚೌಕಟ್ಟನ್ನು ಹಿಡಿದುಕೊಂಡೇ ನಿಂತಿದ್ದ.

ಯಾರೂ ತಯಾರಾಗಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಆದರೆ ಶಿಲುಬೆಗಳು ಬಂದಾಗಿತ್ತು. ಹಿರಿಯ ಗುರುಗಳು ಅವನ್ನು ವಾಪಸ್ಸು ಹೊತ್ತುಕೊಂಡು ಹೋಗುವುದು ಹೇಗೆ? ಒಬ್ಬೊಬ್ಬರ ಕೊರಳಿಗೂ ಹಾಕಿ ಆಶೀರ್ವದಿಸಿದರು.

ಆ ಶನಿವಾರ ಜೋಡಿಗಳು ಬೀದಿಗೆ ಬಿದ್ದವು. ಮಾವ ಅಕ್ಕನ ಮನೆಯಲ್ಲಿದ್ದ. ನಾನೂ ಜೊತೆಗೆ ಹೋಗಿದ್ದೆ. ಅವನು ಮಗುವನ್ನೆತ್ತಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದ, ಬಸ್ಸುಗಳ ಬಗ್ಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. "ನನ್ನಿಂದ ಆಯ್ತು," ಎಂದು ಒಮ್ಮೆ ಅಂದ. "ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿತ್ತು." ಅಕ್ಕ, "ಆಯ್ತು ಬಿಡು ಮಾವ. ನಾನು ಅತ್ತ ಹೋಗೋದಿಲ್ಲ, ಮಗೂನೂ ಹೋಗೋದಿಲ್ಲ. ಅಲ್ಲಿಗೆ ಮುಗೀತು," ಅಂದಳು. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವನು ಹೆದರಿದ್ದೇ ಅದಕ್ಕೆ.

ಯಾರೋ ಬಾಗಿಲು ತಟ್ಟಿದರು.

"ನಾನು ತೆಗೀತೀನಿ," ಎಂದು ಅಕ್ಕ ಹೋದಳು.

ಹೊರಗೆ ಕೊರಳಲ್ಲಿ ಶಿಲುಬೆ ಹಾಕಿಕೊಂಡು ಟೀಚರಮ್ಮ ಮತ್ತು ಔಷಧಿ ಅಂಗಡಿಯಣ್ಣ. ಡಿಪೋ ಹಿಂದಿನ ಬೀದಿ ಅವರ ಪಾಲಿಗೆ ಬಂದಿತ್ತು. ಮಹಡಿ ಹತ್ತಿದ್ದಕ್ಕೆ ಇಬ್ಬರಿಗೂ ಏದುಸಿರು. ಈ ಮನೆ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಅಕ್ಕ ಎಲ್ಲಿದ್ದಾಳೆಂದು ಯಾರಾದರೂ ಕೇಳಿದ್ದರೆ ತಾನೇ?

"ದೇವರು ನಿಮ್ಮನ್ನು..." ಎಂದು ಶುರುಮಾಡಿದ ಟೀಚರಮ್ಮ ಅಕ್ಕನ ಮುಖ ನೋಡಿದರು. ಅವಳ ಹಿಂದೆ ಮಗುವನ್ನೆತ್ತಿಕೊಂಡು ಬಂದು ನಿಂತ ಮಾವನನ್ನು ನೋಡಿದರು.

"ಹೇಳಿ ಮೇಡಂ," ಅಂದಳು ಅಕ್ಕ. "ಪ್ರೀತಿಸ್ತಾನಾ? ನಾನು ಹೊರಟಿದ್ದೆ. ಮಗೂಗೆ ಬಿಳಿ ಅಂಗಿ ಕೂಡ ಹೊಲಿಸಿದ್ದೆ. ಬಾಗಿಲು ಹಾಕಿದೋರು ನೀವು. ಈಗ ಬಂದು ತಟ್ಟೋರೂ ನೀವೇ."

ನಾನು ಮಾವನನ್ನೇ ನೋಡುತ್ತಿದ್ದೆ. ಈ ಸಲ ಅವನ ಪಾದ ನೆಲ ಒತ್ತಲಿಲ್ಲ.

ಔಷಧಿ ಅಂಗಡಿಯಣ್ಣ, "ನಾಳೆ ಬರೋಣ್ವಾ?" ಎಂದು ಪಿಸುಗುಟ್ಟಿದರು. "ಸುಮ್ಮನಿರಪ್ಪ," ಅಂದರು ಟೀಚರಮ್ಮ. ಆಮೇಲೆ ಅಕ್ಕನಿಗೆ, ಯಾವ ಪಾಠದಲ್ಲೂ ಇಲ್ಲದ ದನಿಯಲ್ಲಿ, "ಎಲ್ಲರೆದುರು ನಕ್ಕುಬಿಟ್ಟರಲ್ಲ ಮಗಳೇ, ಅದಕ್ಕೆ ಹಾಗಂದೆ," ಅಂದರು. "ಮಗು ಇವರದ್ದೇ ಮುಖ ಹೊತ್ತುಕೊಂಡಿದೆ. ಇವರಲ್ಲದೆ ಇನ್ಯಾರು ಆಗ್ತಾರೆ ಜ್ಞಾನತಂದೆ? ನಾನೇ ಫಾದರ್‌ಗೆ ಹೇಳ್ತೀನಿ. ಈಗ ಒಂದು ಲೋಟ ನೀರು ಕೊಡು."

ಅಕ್ಕ ಮಾವನ ಕಡೆ ತಿರುಗಿದಳು. ಮಾವನ ಕಣ್ಣು ತುಂಬಿತ್ತು, ಆದರೂ ಅಭ್ಯಾಸಬಲದಿಂದ ಒಂದು ಕ್ಷಣ ತೂಗಿ ನೋಡಿ, "ಪಾಸು," ಅಂದ. ಅಕ್ಕನಿಗೆ ನಗು ತಡೆಯಲಿಲ್ಲ. ನೀರು ತರಲು ಒಳಗೆ ಹೋದಳು.

ಮುಂದಿನ ಭಾನುವಾರ ದೀಕ್ಷಾಸ್ನಾನ ನಡೆಯಿತು. ಬಿಳಿ ಅಂಗಿಯ ಮಗು ಮಾವನ ತೋಳಿನಲ್ಲಿತ್ತು, ನೀರು ಬಿದ್ದಾಗ ಅಳುವ ಬದಲು ಅವನ ಮೂಗನ್ನು ಹಿಡಿದುಕೊಂಡಿತು. ಭಾವ ಕೂಡ ನಿದ್ದೆಗಣ್ಣಿನಲ್ಲೇ ಬಂದಿದ್ದ. ಗುರುಗಳು ಉಬ್ಬಿಹೋಗಿದ್ದರು. ಪ್ರಸಂಗದಲ್ಲಿ ಕೈಯೆತ್ತಿ ಹೇಳಿದರು: "ಇದು ನಮ್ಮ ಸುವಾರ್ತಾ ಪ್ರಸಾರದ ಮೊದಲ ಫಲ! ಟೀಚರಮ್ಮ ತಟ್ಟಿದ ಮೊದಲ ಬಾಗಿಲಲ್ಲೇ ಒಂದು ಇಡೀ ಕುಟುಂಬ ಮರಳಿ ಬಂದಿದೆ. ಎಲ್ಲಕ್ಕಿಂತ ಗಟ್ಟಿಯಾದ ಬಾಗಿಲೂ ತೆರೆದುಕೊಂಡಿದೆ!" ಆ ಕೊನೆಯ ಮಾತಿಗೆ ಎಲ್ಲರೂ ಮಾವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಟೀಚರಮ್ಮ ತಲೆ ತಗ್ಗಿಸಿ ಶಿಲುಬೆಯ ದಾರ ಸರಿಮಾಡಿಕೊಂಡರು.

"ಏನಿದು? ಹುಟ್ಟಿದಾಗಿಂದ ಇಲ್ಲೇ ಇರೋರನ್ನ ಮರಳಿ ಬಂದರು ಅಂತಾರಲ್ಲ!" ಎಂದು ಅತ್ತೆ ಹಲ್ಲು ಕಡಿದಳು.

ಹೊರಗೆ ಅಂಗಳದಲ್ಲಿ ಜನ ಸಾಲುಗಟ್ಟಿ ಬಂದು ಮಾವನ ಕೈ ಕುಲುಕಿದರು. ಹಾಡುವಾಗ ಒಂಥರಾ ಆಗುತ್ತದೆ ಅಂದಿದ್ದಾಕೆ ಕಣ್ಣೊರೆಸಿಕೊಂಡಳು. ಗಾಯನ ಮಂಡಳಿಯಲ್ಲಿ ಅವನ ಜೊತೆಗೇ ಮುದುಕರಾದ ಒಬ್ಬರು ಅವನ ಎರಡೂ ಭುಜ ಹಿಡಿದು, ಗದ್ಗದ ದನಿಯಲ್ಲಿ, "ಕೊನೆಗೂ ಬಂದ್ಯಲ್ಲಪ್ಪ! ನಾನು ದಿನಾ ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ," ಅಂದರು.

ಮಾವ ಅವರನ್ನು ನೋಡಿದ. ಹೇಳಲು ಅವನ ಬಳಿ ಬಹಳ ಇತ್ತು. ತೋಳಿನ ಮೇಲೆ ಮಗು ನಿದ್ದೆಹೋಗಿತ್ತು.

"ನಿಮ್ಮ ಪ್ರಾರ್ಥನೆ ಫಲಿಸಿತು ಅಣ್ಣ," ಅಂದ ಮಾವ ಮೆಲ್ಲಗೆ. "ಸ್ವಲ್ಪ ಸಣ್ಣಗೆ ಮಾತಾಡಿ, ಎದ್ದುಬಿಡುತ್ತೆ."